ಘಟನೆ ಇದೆ, ಕಥೆ ಎಲ್ಲಿ? ಮುಂಬೈಯ ಹೊಸ ಕಥೆಗಾರರಿಗೆ ಹಂತ ಹಂತದ ಮಾರ್ಗದರ್ಶಿ

ಮುಂಬೈಯಲ್ಲಿ ಕನ್ನಡ ಕಥೆ ಬರೆಯುವವರಿಗೆ ಬರವಿಲ್ಲ. ಮಾಟುಂಗದಿಂದ ಡೊಂಬಿವಲಿಯವರೆಗೆ ಜನ ಬರೆಯುತ್ತಲೇ ಇದ್ದಾರೆ. ಸಂಘದ ಸ್ಪರ್ಧೆಗೆ ಕಳಿಸುತ್ತಾರೆ, ಸಮಾಜದ ಮಾಸಪತ್ರಿಕೆಗೆ ಕಳಿಸುತ್ತಾರೆ, ದೀಪಾವಳಿ ವಿಶೇಷಾಂಕಕ್ಕೆ ಕಳಿಸುತ್ತಾರೆ. ಇಂಥ ಕಥೆಗಳನ್ನು ಓದಿ ಅಭಿಪ್ರಾಯ ಹೇಳುವ ಕೆಲಸ ನನ್ನ ಪಾಲಿಗೆ ಆಗಾಗ ಬರುತ್ತದೆ. ಭಾಷೆ ಚೆನ್ನಾಗಿರುತ್ತದೆ. ಅನುಭವ ನಿಜವಾದದ್ದು. ಆದರೂ ಹೆಚ್ಚಿನವು ಎಡವುವುದು ಒಂದೇ ಕಡೆ.

ಒಬ್ಬಾತ ಲೋಕಲ್‌ನಲ್ಲಿ ಕಿಟಕಿ ಪಕ್ಕ ಕೂತಿದ್ದಾನೆ. ಊರು ನೆನಪಾಗುತ್ತದೆ. ಅಮ್ಮ, ಗದ್ದೆ, ಯಕ್ಷಗಾನದ ಚೆಂಡೆ, ಮುಂಬೈಗೆ ಬಂದ ಮೊದಲ ದಿನ. ಅಷ್ಟರಲ್ಲಿ ಸ್ಟೇಷನ್ ಬರುತ್ತದೆ, ಇಳಿಯುತ್ತಾನೆ, ಕಥೆ ಮುಗಿಯುತ್ತದೆ. ಓದಲು ಹಿತವಾಗಿಯೇ ಇರುತ್ತದೆ. ಆದರೆ ಆತನಿಗೆ ಏನು ಬೇಕಿತ್ತು, ಯಾವುದು ಅಡ್ಡ ಬಂತು, ಆಮೇಲೆ ಆತ ಏನು ಮಾಡಿದ ಅಂತ ಕೇಳಿದರೆ ಉತ್ತರವಿಲ್ಲ. ಅದು ನೆನಪಿನ ಬರಹ, ಕಥೆಯಲ್ಲ.

ಪಾತ್ರ, ಜಾಗ, ಸಂಭಾಷಣೆ, ಕೊನೆ ಇವೆಲ್ಲ ಕಥೆಗೆ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ತಪ್ಪುವುದು ಕ್ರಮ. ಮಳೆಯ ವರ್ಣನೆಯಿಂದ ಶುರು ಮಾಡಿ, ಮೂರನೇ ಪುಟದಲ್ಲಿ ಪಾತ್ರವನ್ನು ಹುಡುಕಲು ಹೋದರೆ ಪಾತ್ರ ಸಿಗುವುದಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಮುಗಿಯದೆ ಮುಂದಿನದಕ್ಕೆ ಹೋಗಬೇಡಿ.

ಕೊನೆಯವರೆಗೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಪರೇಲಿನ ಒಂದು ಹಳೇ ಚಾಳು, ಅಂದರೆ ಒಂದೊಂದೇ ಕೋಣೆಯ ಮನೆಗಳ ಸಾಲು ಕಟ್ಟಡ. ಅದರಲ್ಲಿ ಸುಮತಿ ಎಂಬ ಹೆಂಗಸು. ಕುಂದಾಪುರ ಕಡೆಯವಳು, ಗಂಡ ತೀರಿಕೊಂಡಿದ್ದಾನೆ, ಮನೆಯಲ್ಲೇ ಅಡುಗೆ ಮಾಡಿ ಟಿಫಿನ್ ಕೊಡುತ್ತಾಳೆ. ಇದು ನಾನು ಈ ಪಾಠಕ್ಕೆಂದು ಕಟ್ಟಿದ ಪಾತ್ರ.

ಬೇಕಾದ ಸಾಮಾನು

ಒಂದು ನೂರು ಪುಟದ ನೋಟ್‌ಬುಕ್, ಒಂದು ಪೆನ್ನು. ಟೈಪ್ ಮಾಡುವುದು ಆಮೇಲೆ. ಮೊದಲ ಐದು ಹಂತಗಳು ಕೈಬರಹದಲ್ಲೇ ಆಗಲಿ, ಏಕೆಂದರೆ ಫೋನಿನಲ್ಲಿ ಬರೆಯುವಾಗ ವಾಕ್ಯ ಚಂದ ಮಾಡುವ ಕಡೆಗೇ ಮನಸ್ಸು ಎಳೆಯುತ್ತದೆ. ಈ ಹಂತಗಳಲ್ಲಿ ಚಂದದ ವಾಕ್ಯ ಒಂದೂ ಬೇಡ.

ಇನ್ನೊಂದು ಬೇಕು: ನಿಮ್ಮ ಕಥೆಯನ್ನು ಓದಿ ಎಲ್ಲಿ ಬೇಜಾರಾಯಿತು ಅಂತ ಮುಖಕ್ಕೆ ಹೇಳುವ ಒಬ್ಬ ಮನುಷ್ಯ. ಬರೀ ಹೊಗಳುವ ಗೆಳೆಯರು ಈ ಕೆಲಸಕ್ಕೆ ಆಗುವುದಿಲ್ಲ.

ಹಂತ 1: ಏನು ಬೇಕು ಅಂತ ಒಂದು ವಾಕ್ಯದಲ್ಲಿ ಬರೆಯಿರಿ

ನಿಮ್ಮ ಪಾತ್ರಕ್ಕೆ ಏನೋ ಒಂದು ಬೇಕು. ಅದು ಕೈಯಲ್ಲಿ ಹಿಡಿಯಬಹುದಾದದ್ದು, ಅಥವಾ ಸಿಕ್ಕಿತೋ ಇಲ್ಲವೋ ಎಂದು ಖಚಿತವಾಗಿ ಹೇಳಬಹುದಾದದ್ದು ಆಗಿರಬೇಕು. “ಸುಮತಿಗೆ ನೆಮ್ಮದಿ ಬೇಕು” ಅಂದರೆ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ನೆಮ್ಮದಿ ಯಾವಾಗ ಸಿಕ್ಕಿತು ಅಂತ ಓದುಗನಿಗೆ ತಿಳಿಯುವುದು ಹೇಗೆ?

ಬದಲಿಗೆ ಹೀಗೆ ಬರೆಯಿರಿ: “ಚಾಳು ಕೆಡವಿ ಹೊಸ ಕಟ್ಟಡ ಕಟ್ಟುತ್ತಾರೆ. ಬಾಡಿಗೆ ರಸೀದಿ ಇನ್ನೂ ಸುಮತಿಯ ಮಾವನ ಹೆಸರಲ್ಲಿದೆ. ಬರುವ ರವಿವಾರದ ಮೀಟಿಂಗಿನ ಒಳಗೆ ತನ್ನದೇನೂ ತಕರಾರಿಲ್ಲ ಎಂದು ಭಾವ (ಗಂಡನ ಅಣ್ಣ) ಸಹಿ ಹಾಕಿದ ಕಾಗದ ಅವಳಿಗೆ ಬೇಕು.”

ಈಗ ಒಂದು ವಸ್ತು ಬಂತು, ಒಂದು ಗಡುವು ಬಂತು, ಎದುರಿಗೆ ಒಬ್ಬ ಮನುಷ್ಯ ಬಂದ. ಸುಮತಿಗೆ ಎಷ್ಟು ವಯಸ್ಸು, ಯಾವ ಸೀರೆ ಉಡುತ್ತಾಳೆ ಅನ್ನುವುದು ಇನ್ನೂ ಗೊತ್ತಿಲ್ಲ. ಗೊತ್ತಾಗಬೇಕಾದ ಅವಸರವೂ ಇಲ್ಲ.

ಬೇಡಿಕೆ ದೊಡ್ಡದಿರಬೇಕೆಂದೇನಿಲ್ಲ. ಹೋಟೆಲಿನ ಗಲ್ಲಾದಲ್ಲಿ ಕೂತವನಿಗೆ ತಂಗಿಯ ಸೀಮಂತಕ್ಕೆ ಎರಡು ದಿನದ ರಜೆ ಬೇಕು ಅನ್ನುವುದೂ ಸಾಕು. ಆದರೆ ಆ ರಜೆ ಅವನಿಗೆ ನಿಜವಾಗಿ ಬೇಕಾಗಿರಬೇಕು.

ಎಚ್ಚರಿಕೆಯ ಗುರುತು: ನಿಮ್ಮ ವಾಕ್ಯದಲ್ಲಿ “ಹುಡುಕಾಟ”, “ತೊಳಲಾಟ”, “ಅಸ್ತಿತ್ವ” ಎಂಬ ಪದಗಳಿದ್ದರೆ ಹೊಡೆದುಹಾಕಿ ಮತ್ತೆ ಬರೆಯಿರಿ. ಆ ಪದಗಳನ್ನು ವಿಮರ್ಶಕರು ಆಮೇಲೆ ಬಳಸಲಿ.

ಹಂತ 2: ಅಡ್ಡಿ ಮತ್ತು ಅದರ ಬೆಲೆ

ಭಾವ ಬಂದು ಕೂಡಲೇ ಸಹಿ ಹಾಕಿದರೆ ಕಥೆ ಇಲ್ಲ. ಹಾಕಬಾರದು. ಯಾಕೆ ಹಾಕುವುದಿಲ್ಲ ಅನ್ನುವುದಕ್ಕೆ ಬಲವಾದ ಕಾರಣ ಇರಬೇಕು. ಈ ಹಂತಕ್ಕೆ ಸಮಯ ಕೊಟ್ಟಷ್ಟೂ ಒಳ್ಳೆಯದು.

ಹೊಸಬರು ಇಲ್ಲಿ ಕೆಟ್ಟ ಮನುಷ್ಯನೊಬ್ಬನನ್ನು ತಂದು ನಿಲ್ಲಿಸುತ್ತಾರೆ. ಭಾವ ಆಸೆಬುರುಕ, ಕುಡುಕ, ತಮ್ಮನ ಹೆಂಡತಿಯನ್ನು ಕಂಡರೆ ಆಗುವುದಿಲ್ಲ. ಹೀಗೆ ಮಾಡಿದರೆ ಮುಂದೇನಾಗುತ್ತದೆ ಅಂತ ಓದುಗ ಎರಡನೇ ಪುಟದಲ್ಲೇ ಊಹಿಸುತ್ತಾನೆ. ಅಡ್ಡಿ ಮಾಡುವವನ ಕಡೆಗೂ ನ್ಯಾಯ ಇರಬೇಕು. ಒಂದು ಹಾಳೆ ತೆಗೆದುಕೊಂಡು ಭಾವನ ಬಾಯಲ್ಲೇ ಬರೆಯಿರಿ, ಕೋರ್ಟಿನಲ್ಲಿ ನಿಂತು ಹೇಳುವ ಹಾಗೆ:

“ಅಪ್ಪ ಮಿಲ್ಲಿನ ಕ್ಯಾಂಟೀನಿನಲ್ಲಿ ದುಡಿದು ಆ ಕೋಣೆ ಮಾಡಿದ. ಓದಲಿ ಅಂತ ತಮ್ಮನನ್ನು ಅಲ್ಲಿಗೆ ಕರೆಸಿಕೊಂಡ. ನನ್ನನ್ನು ಶಾಲೆ ಬಿಡಿಸಿ ಊರಲ್ಲಿ ಬಿಟ್ಟ. ಮಿಲ್ಲು ನಿಂತು ಅಪ್ಪ ಊರಿಗೆ ಬಂದ ಮೇಲೆ ಸಾಯುವವರೆಗೆ ನೋಡಿಕೊಂಡವನು ನಾನು. ಈಗ ಕೋಣೆಯ ಜಾಗಕ್ಕೆ ಹೊಸ ಫ್ಲ್ಯಾಟ್ ಬರುತ್ತದಂತೆ. ನನ್ನ ಮಗನಿಗೂ ಮುಂಬೈಯಲ್ಲಿ ಒಂದು ನೆಲೆ ಬೇಡವಾ? ಕಾಗದದಲ್ಲಿ ಅವನ ಹೆಸರೂ ಇರಲಿ. ಆಗ ಸಹಿ ಹಾಕುತ್ತೇನೆ.”

ಬರೆದಾದ ಮೇಲೆ ಭಾವನ ಮಾತು ನಿಮಗೇ ಸರಿ ಅನ್ನಿಸಬೇಕು. ಅನ್ನಿಸದಿದ್ದರೆ ಇನ್ನೊಮ್ಮೆ ಬರೆಯಿರಿ.

ಇನ್ನು ಬೆಲೆ. ಸುಮತಿಗೆ ಮಗಳಿದ್ದಾಳೆ, ವಿದ್ಯಾ. ಕೋಣೆ ಅವಳಿಗೆ ಅಂತ ಸುಮತಿ ಮಾತು ಕೊಟ್ಟಿದ್ದಾಳೆ. ಭಾವನ ಮಾತಿಗೆ ಒಪ್ಪಿದರೆ ಮಗಳಿಗೆ ಕೊಟ್ಟ ಮಾತು ತಪ್ಪುತ್ತದೆ. ಒಪ್ಪದಿದ್ದರೆ ಕೈಯಲ್ಲಿರುವ ಕೋಣೆಯೂ ತಕರಾರಿಗೆ ಬೀಳುತ್ತದೆ. ಎರಡರಲ್ಲಿ ಯಾವುದನ್ನು ಆರಿಸಿದರೂ ಏನೋ ಒಂದು ಕಳೆದುಹೋಗಲೇಬೇಕು.

ಬರೀ ಕಷ್ಟ ಇದ್ದರೆ ಸಾಲದು. ಮುಂಬೈ ಕಥೆಗಳಲ್ಲಿ ಕಷ್ಟಕ್ಕೇನು ಕಡಿಮೆ? ಕಷ್ಟದ ಮೇಲೆ ಕಷ್ಟ ಪೇರಿಸುತ್ತಾ ಹೋದರೆ ಓದುಗನಿಗೆ ಅಯ್ಯೋ ಪಾಪ ಅನ್ನಿಸುತ್ತದೆ, ಅಷ್ಟೇ. ಪಾತ್ರ ಆರಿಸಿಕೊಳ್ಳಬೇಕಾದ ಗಳಿಗೆ ಬಂದಾಗ ಮಾತ್ರ ಅವನು ಮುಂದಕ್ಕೆ ಬಾಗಿ ಕೂರುತ್ತಾನೆ.

ಹಂತ 3: ಯಾರ ಕಣ್ಣಿನಿಂದ?

ಇದೇ ಕಥೆಯನ್ನು ಮೂವರು ಹೇಳಬಹುದು. ಸುಮತಿ, ಭಾವ, ವಿದ್ಯಾ. ನೋಟ್‌ಬುಕ್ಕಿನಲ್ಲಿ ಮೂರು ಸಾಲು ಎಳೆದು, ಯಾರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ಬರೆದುಕೊಳ್ಳಿ. ಭಾವ ಯಾವ ಷರತ್ತು ಇಟ್ಟುಕೊಂಡು ಬಂದಿದ್ದಾರೆ ಅಂತ ಸುಮತಿಗೆ ಗೊತ್ತಿಲ್ಲ. ಅಮ್ಮ ಏನು ಒಪ್ಪಿಕೊಂಡಳು ಅಂತ ವಿದ್ಯಾಗೆ ಗೊತ್ತಿಲ್ಲ. ಯಾರು ಹೆಚ್ಚು ಬೆಲೆ ತೆರುತ್ತಾರೋ ಅವರ ಕಣ್ಣು ಹಿಡಿಯುವುದು ಸಾಮಾನ್ಯವಾಗಿ ಸರಿ ಹೋಗುತ್ತದೆ. ಇಲ್ಲಿ ಅದು ಸುಮತಿ.

ಒಮ್ಮೆ ಹಿಡಿದ ಕಣ್ಣನ್ನು ಬಿಡಬೇಡಿ. “ಭಾವನಿಗೆ ಒಳಗೊಳಗೇ ತಪ್ಪು ಮಾಡಿದೆ ಅನ್ನಿಸಿತು” ಎಂಬ ವಾಕ್ಯ ನಡುವೆ ಬಂತೆಂದರೆ ನೀವು ಸುಮತಿಯ ತಲೆಯಿಂದ ಭಾವನ ತಲೆಗೆ ಹಾರಿದ್ದೀರಿ. ಸುಮತಿಗೆ ಕಾಣುವುದು ಭಾವನ ಮುಖ ಮತ್ತು ಕೈ ಮಾತ್ರ. “ಭಾವ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು” ಎಂದು ಬರೆದರೆ ಸಾಕು. ಒಳಗಿನದನ್ನು ಓದುಗ ತಾನೇ ತುಂಬಿಕೊಳ್ಳುತ್ತಾನೆ.

ಕನ್ನಡದಲ್ಲಿ ಈ ಕೆಲಸಕ್ಕೆ ಎರಡು ಒಳ್ಳೆಯ ಸಲಕರಣೆಗಳಿವೆ. ಹೊಸಬರು ಎರಡನ್ನೂ ಮರೆಯುತ್ತಾರೆ.

ಒಂದು, ಏಕವಚನ ಬಹುವಚನ. ಸುಮತಿಯ ಕಣ್ಣಿನಿಂದ ಹೇಳುವ ಕಥೆಯಲ್ಲಿ “ಭಾವ ಬಂದ” ಅಂತ ಬರೆಯಲಾಗದು. “ಭಾವ ಬಂದರು” ಅಂತಲೇ ಬರಬೇಕು. ಅವಳ ಮನಸ್ಸಿನಲ್ಲೂ ಅವರು ಬಹುವಚನವೇ. ಕಥೆಯ ಉದ್ದಕ್ಕೂ “ಅವರು” ಎಂದೇ ನಡೆಸಿ, ಸಿಟ್ಟು ಏರಿದ ಒಂದೇ ಒಂದು ಗಳಿಗೆಯಲ್ಲಿ ಅವಳ ಮನಸ್ಸಿನಲ್ಲಿ “ಕೂತಿದ್ದಾನೆ ನೋಡು ಬಂಡೆ ಹಾಗೆ” ಅನ್ನಿಸಿ. ಬೈಗುಳ ಬೇಡ, ವಿವರಣೆ ಬೇಡ, ಆ ಏಕವಚನವೇ ಎಲ್ಲ ಹೇಳುತ್ತದೆ. ಆದರೆ ಗಮನ ತಪ್ಪಿ ಪುಟಕ್ಕೊಂದು ಸಲ ಬಂದ, ಬಂದರು ಎಂದು ಬದಲಾಗುತ್ತಾ ಹೋದರೆ ಈ ಶಕ್ತಿ ಪೂರ್ತಿ ಹಾಳು. ಸುಮತಿಯನ್ನೂ ಮೊದಲ ಪುಟದಲ್ಲಿ “ಬಂದಳು” ಅಂತ ಕರೆದು, ಕೊನೆಯಲ್ಲಿ “ಬಂದರು” ಅನ್ನಬೇಡಿ.

ಎರಡು, “ಅಂತೆ”. ಸುಮತಿ ಕಣ್ಣಾರೆ ಕಾಣದ ವಿಷಯಕ್ಕೆಲ್ಲ ಇದನ್ನು ಹಚ್ಚಿ. “ಭಾವ ಊರಿನ ಮನೆ ರಿಪೇರಿ ಮಾಡಿಸಿದ್ದಾರೆ” ಅಂದರೆ ಅದು ಕಥೆಗಾರನ ಮಾತು. “ಭಾವ ಊರಿನ ಮನೆ ರಿಪೇರಿ ಮಾಡಿಸಿದ್ದಾರಂತೆ” ಅಂದ ಕೂಡಲೇ ಅವಳು ಎಷ್ಟೋ ಕಾಲದಿಂದ ಊರಿಗೆ ಹೋಗಿಲ್ಲ, ಯಾರೋ ಹೇಳಿದ್ದು ಕೇಳಿದ್ದಾಳೆ, ತನ್ನನ್ನು ಒಂದು ಮಾತೂ ಕೇಳಲಿಲ್ಲ ಎಂಬ ನೋವೂ ಇದೆ, ಎಲ್ಲ ಬಂದುಬಿಟ್ಟಿತು.

“ನಾನು” ಎಂದು ಹೇಳುವ ಕಥೆ ಸುಲಭ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಮೊದಲ ಕಥೆಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ನಾನು ಅಂದ ತಕ್ಷಣ ಬರೆಯುವವರ ಸ್ವಂತ ನೆನಪುಗಳು ಸಾಲುಗಟ್ಟಿ ಒಳಗೆ ಬರುತ್ತವೆ. ಸುಮತಿ ಮೂಲೆಗೆ ಸರಿಯುತ್ತಾಳೆ.

ಹಂತ 4: ಜಾಗ ಮತ್ತು ಕಾಲ

“ಮುಂಬೈ ಎಂಬ ಮಾಯಾನಗರಿ”, “ಎಂದೂ ಮಲಗದ ಮಹಾನಗರ”. ಇಂಥವನ್ನು ಇವತ್ತೇ ಬಿಟ್ಟುಬಿಡಿ. ಸುಮತಿಗೆ ಮುಂಬೈ ಎಂದರೆ ಒಂದು ಕೋಣೆ, ಒಂದು ಮೋರಿ, ಮೇಲೆ ಸಾಮಾನು ತುಂಬುವ ಪೋಟ್‌ಮಾಳಾ, ಹೊರಗೆ ಉದ್ದದ ಗ್ಯಾಲರಿ, ಅದರ ತುದಿಯಲ್ಲಿ ಎಲ್ಲರಿಗೂ ಸೇರಿದ ಪಾಯಿಖಾನೆ, ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಹೊತ್ತು. ಆ ಹೊತ್ತಿಗೆ ಸರಿಯಾಗಿ ಭಾವ ಬಸ್ಸಿಳಿದು ಬಂದರೆ ಏನಾಗುತ್ತದೆ? ನೀರು ಹಿಡಿಯಬೇಕೋ, ಬಂದವರನ್ನು ಕೂರಿಸಬೇಕೋ? ಜಾಗ ಕಥೆಯ ಕೆಲಸಕ್ಕೆ ಬರುವುದು ಹೀಗೆ.

ಜಾಗದ ಪಟ್ಟಿ ಮಾಡಿ, ಒಂದೊಂದರ ಮುಂದೆಯೂ ಇದು ಪಾತ್ರಕ್ಕೆ ಅಡ್ಡ ಬರುತ್ತದೋ, ನೆರವಾಗುತ್ತದೋ ಅಂತ ಬರೆಯಿರಿ. ಎರಡೂ ಇಲ್ಲದ್ದನ್ನು ಕಥೆಗೆ ತರಬೇಡಿ, ಎಷ್ಟೇ ಚಂದ ಇರಲಿ.

ಆಮೇಲೆ ವರ್ಷ. ಕಥೆ ಯಾವ ವರ್ಷದ್ದು ಅಂತ ಗಟ್ಟಿ ಮಾಡಿಕೊಳ್ಳಿ, ಕಥೆಯಲ್ಲಿ ಹೇಳದಿದ್ದರೂ ಸರಿ. ಇಲ್ಲಿ ಆಗುವ ತಪ್ಪುಗಳನ್ನು ನಮ್ಮ ಓದುಗರು ಥಟ್ಟನೆ ಹಿಡಿಯುತ್ತಾರೆ. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. 1985ರ ಕಥೆಯಲ್ಲಿ ಕುಂದಾಪುರದಿಂದ ಬರುವವನನ್ನು ಆ ದಾರಿಯ ರೈಲಿನಲ್ಲಿ ಕರೆತರಬೇಡಿ, ಬಸ್ಸು ಹತ್ತಿಸಿ. ಮುಂಬೈಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾದದ್ದು 1982ರ ಜನವರಿಯಲ್ಲಿ. ಮಾವ ಕ್ಯಾಂಟೀನಿನಲ್ಲಿದ್ದ ಅಂದಮೇಲೆ ಊರಿಗೆ ಮರಳಿದ ವರ್ಷ ಅದಕ್ಕೆ ಹೊಂದಬೇಕು. ಪರೇಲ್ ಪಕ್ಕದ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿಗೆ ಪ್ರಭಾದೇವಿ ಎಂದು ಹೆಸರಾದದ್ದು 2018ರಲ್ಲಿ. ಅದಕ್ಕೆ ಮೊದಲಿನ ಕಥೆಯಾದರೆ ಹಳೇ ಹೆಸರೇ ಇರಲಿ.

2005ರ ಜುಲೈ 26ರ ಮಳೆಯ ಮೇಲೆ ಬರೆಯುವವರು ಈಗಲೂ ಜಾಸ್ತಿ. ಆ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಕೊಲಾಬಾದಲ್ಲಿ ಬಿದ್ದದ್ದು ಕೇವಲ 73ರ ಆಸುಪಾಸು. ನಿಮ್ಮ ಪಾತ್ರ ಆ ಮಧ್ಯಾಹ್ನ ಕೊಲಾಬಾದ ಆಫೀಸಿನಲ್ಲಿದ್ದರೆ ಅವನ ಬಾಗಿಲಲ್ಲಿ ಎದೆಮಟ್ಟದ ನೀರು ನಿಲ್ಲಿಸಲಾಗದು. ಅವನು ಏನೂ ಗೊತ್ತಿಲ್ಲದೆ ಮಾಮೂಲಿನಂತೆ ಸ್ಟೇಷನ್ನಿಗೆ ಹೊರಡುತ್ತಾನೆ. ನೋಡಿ, ನಿಜ ಸಂಗತಿ ಸರಿಯಾಗಿ ಗೊತ್ತಿದ್ದರೆ ಅದೇ ಒಂದು ಒಳ್ಳೆಯ ಸನ್ನಿವೇಶ ಕೊಡುತ್ತದೆ.

ಹಂತ 5: ದೃಶ್ಯಗಳ ಪಟ್ಟಿ

ಈಗ ಕಥೆಯನ್ನು ದೃಶ್ಯಗಳಾಗಿ ಒಡೆಯಿರಿ. ಸಣ್ಣಕಥೆಗೆ ನಾಲ್ಕೋ ಐದೋ ಸಾಕು. ಒಂದೊಂದಕ್ಕೆ ಒಂದೇ ಸಾಲು.

1. ಶುಕ್ರವಾರ ಬೆಳಿಗ್ಗೆ, ನೀರು ಬರುವ ಹೊತ್ತು. ಭಾವ ಬರುತ್ತಾರೆ.
2. ಮಧ್ಯಾಹ್ನ ಊಟ. ಕಾಗದ ಟೀವಿ ಮೇಲಿದೆ. ಇಬ್ಬರೂ ಅದರ ಮಾತೆತ್ತುವುದಿಲ್ಲ.
3. ಶನಿವಾರ. ಪಕ್ಕದ ಕೋಣೆಯ ವಹಿನಿ (ಮರಾಠಿಯಲ್ಲಿ ಅತ್ತಿಗೆ) ಬಂದು ಕೇಳುತ್ತಾಳೆ. ಭಾವ ಷರತ್ತು ಹೇಳುತ್ತಾರೆ.
4. ಶನಿವಾರ ರಾತ್ರಿ. ಸುಮತಿ ಮಗಳಿಗೆ ಫೋನ್ ಮಾಡಲು ಕೂರುತ್ತಾಳೆ, ಮಾಡುವುದಿಲ್ಲ.
5. ರವಿವಾರ, ಮೀಟಿಂಗಿಗೆ ಮೊದಲು. ಆಯ್ಕೆ.

ಪಟ್ಟಿಗೆ ಒಂದು ಪರೀಕ್ಷೆ ಇದೆ. ಎರಡು ದೃಶ್ಯಗಳ ನಡುವೆ “ಆಮೇಲೆ” ಎಂದು ಹಾಕಿ ಓದಿ, ಬಳಿಕ “ಅದಕ್ಕೇ” ಅಥವಾ “ಆದರೆ” ಎಂದು ಹಾಕಿ ಓದಿ. “ಆಮೇಲೆ” ಮಾತ್ರ ಹೊಂದುತ್ತಿದ್ದರೆ ಅದು ದಿನಚರಿ. “ವಹಿನಿ ಎಲ್ಲರೆದುರು ಕೇಳಿದಳು, ಅದಕ್ಕೇ ಭಾವ ಷರತ್ತು ಹೇಳಲೇಬೇಕಾಯಿತು” ಎಂದರೆ ಗಂಟು ಬಿದ್ದಿದೆ.

ಆಕಸ್ಮಿಕದ ಬಗ್ಗೆ ಒಂದು ಮಾತು. ಪಾತ್ರವನ್ನು ತೊಂದರೆಗೆ ಸಿಕ್ಕಿಸಲು ಆಕಸ್ಮಿಕ ಬಳಸಬಹುದು. ತೊಂದರೆಯಿಂದ ಬಿಡಿಸಲು ಬಳಸಬಾರದು. ಮಾವ ಬರೆದಿಟ್ಟಿದ್ದ ಹಳೇ ಪತ್ರ ಪೋಟ್‌ಮಾಳಾದಲ್ಲಿ ಸಿಕ್ಕಿ ಎಲ್ಲವೂ ಸರಿಹೋದರೆ ಸುಮತಿ ಮಾಡಿದ್ದೇನು?

ಹಂತ 6: ಎಲ್ಲಿಂದ ಶುರು?

ಸಾಧ್ಯವಾದಷ್ಟು ತಡವಾಗಿ ಒಳಗೆ ಬನ್ನಿ. ಅಲಾರಾಂ ಹೊಡೆದು ಪಾತ್ರ ಏಳುವುದು, ಹಲ್ಲುಜ್ಜುವುದು, ಚಹಾ ಕುಡಿಯುವುದು, ಲೋಕಲ್ ಹಿಡಿಯುವುದು ಯಾವುದೂ ಬೇಡ. ಭಾವ ಬಾಗಿಲಲ್ಲಿ ನಿಂತಿದ್ದಾರೆ, ಸುಮತಿಯ ಕೈಯಲ್ಲಿ ಅರ್ಧ ತುಂಬಿದ ಬಕೆಟ್ ಇದೆ. ಅಲ್ಲಿಂದ ಶುರು.

ಹಿಂದಿನ ಕಥೆ ಹೇಳಬೇಕಲ್ಲ ಅನ್ನುತ್ತೀರಿ. ಹೇಳಿ, ಆದರೆ ಓದುಗನಿಗೆ ಅದನ್ನು ತಿಳಿಯುವ ಆಸೆ ಹುಟ್ಟಿದ ಮೇಲೆ. ಮೊದಲ ಪುಟದಲ್ಲಿ ಹಿಂದಿನದಕ್ಕೆ ಎರಡು ಮೂರು ವಾಕ್ಯಕ್ಕಿಂತ ಹೆಚ್ಚು ಜಾಗ ಕೊಡಬೇಡಿ. ನೆನಪಿನ ಒಳಗೆ ಇನ್ನೊಂದು ನೆನಪು ಯಾವತ್ತೂ ಬೇಡ. ಅಲ್ಲಿಂದ ಹೊರಬರುವ ದಾರಿ ಓದುಗನಿಗೆ ಸಿಗುವುದಿಲ್ಲ.

ಹಂತ 7: ಮಾತು

ಮುಂಬೈ ಕನ್ನಡ ಕಥೆ ಗೆಲ್ಲುವುದೂ ಇಲ್ಲೇ, ಸೋಲುವುದೂ ಇಲ್ಲೇ. ನಮ್ಮ ಒಂದೇ ಮನೆಯಲ್ಲಿ ಎಷ್ಟು ಭಾಷೆ! ಭಾವ ಕುಂದಾಪುರದ ಕನ್ನಡ ಆಡುತ್ತಾರೆ. ಸುಮತಿಯ ಕನ್ನಡ ಮುಂಬೈಯಲ್ಲಿ ಸವೆದಿದೆ. ಪಕ್ಕದ ಮನೆಯವರ ಜೊತೆ ಮರಾಠಿ, ತರಕಾರಿಯವನ ಜೊತೆ ಹಿಂದಿ. ಮಗಳು ಕನ್ನಡದಲ್ಲಿ ಶುರು ಮಾಡಿ ಇಂಗ್ಲಿಷಿನಲ್ಲಿ ಮುಗಿಸುತ್ತಾಳೆ.

ಎಲ್ಲವನ್ನೂ ಇದ್ದ ಹಾಗೇ ಬರೆದರೆ ಓದಲಾಗದು. ಎಲ್ಲವನ್ನೂ ಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಎಲ್ಲರೂ ಒಬ್ಬನೇ ಮನುಷ್ಯನ ಹಾಗೆ ಕೇಳಿಸುತ್ತಾರೆ. ನಡುವಿನ ದಾರಿ ಇದು: ಪಾತ್ರಕ್ಕೆ ಎರಡು ಮೂರು ಗುರುತಿನ ಪದ ಕೊಡಿ, ಉಳಿದದ್ದು ಸರಳ ಕನ್ನಡದಲ್ಲಿರಲಿ. ಭಾವನಿಗೆ “ಎಂತ”, “ಕಾಂಬ” (ನೋಡೋಣ), “ಬ್ಯಾಡ”. ವಹಿನಿಗೆ ಮಾತಿನ ಮೊದಲು ಒಂದು “ಅಹೋ”. “ಅಂತ ಮರಾಠಿಯಲ್ಲಿ ಕೇಳಿದಳು” ಎಂದು ಒಮ್ಮೆ ಹೇಳಿ ಕನ್ನಡದಲ್ಲೇ ಮುಂದುವರಿಯಿರಿ. ಪಕ್ಕದಲ್ಲಿ ಅರ್ಥ ಬರೆಯಬೇಡಿ. ಅರ್ಥವಾಗದ ಪದ ಅನ್ನಿಸಿದರೆ ಅದನ್ನು ಬಿಟ್ಟು ಬೇರೆ ಪದ ಹಾಕಿ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಪಾತ್ರಗಳು ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಡುವುದು. ಹೀಗೆ:

“ಭಾವ, ನನ್ನ ಗಂಡ ತೀರಿಕೊಂಡ ಮೇಲೆ ನಾನು ಎಷ್ಟು ಕಷ್ಟಪಟ್ಟೆ ಗೊತ್ತಾ? ದಯವಿಟ್ಟು ಈ ಕಾಗದಕ್ಕೆ ಸಹಿ ಹಾಕಿ.”
“ಸುಮತಿ, ಅಪ್ಪ ನನಗೆ ಅನ್ಯಾಯ ಮಾಡಿದರು. ನನ್ನ ಮನಸ್ಸಿನ ನೋವು ನಿನಗೆ ತಿಳಿಯದು.”

ಇದನ್ನು ಓದಿ ಯಾರಿಗೂ ಏನೂ ಆಗುವುದಿಲ್ಲ. ಗಂಡನ ಅಣ್ಣನ ಎದುರು ಯಾವ ಸುಮತಿ ಹೀಗೆ ಮಾತಾಡುತ್ತಾಳೆ? ಈಗ ಇದನ್ನು ನೋಡಿ:

“ಬಸ್ಸಲ್ಲಿ ನಿದ್ದೆ ಬಂತಾ ಭಾವ?”
“ಬಸ್ಸಲ್ಲಿ ಎಂತ ನಿದ್ದೆ.”
“ಸ್ನಾನಕ್ಕೆ ನೀರು ಕಾಯಿಸಿದ್ದೇನೆ.”
ಭಾವ ಗೋಡೆ ನೋಡುತ್ತಿದ್ದರು. “ಇದಕ್ಕೆ ಯಾವಾಗ ಬಣ್ಣ ಹೊಡ್ಸಿದ್ದ್?”
“ಅವರಿದ್ದಾಗ.”
“ಹ್ಞೂಂ. ಇನ್ನ್ ಹೊಡ್ಸುದ್ ಬ್ಯಾಡ ಅಲ್ದಾ.”

ಸಹಿಯ ಮಾತು ಬರಲೇ ಇಲ್ಲ. ಆದರೆ ಕಟ್ಟಡ ಬೀಳುತ್ತದೆ ಅಂತ ಭಾವನಿಗೆ ಗೊತ್ತು, ಅದನ್ನು ಲೆಕ್ಕ ಹಾಕಿಕೊಂಡೇ ಬಂದಿದ್ದಾರೆ, ಅದು ಸುಮತಿಗೂ ಗೊತ್ತಾಯಿತು. “ಅವರಿದ್ದಾಗ” ಎನ್ನುವ ಒಂದು ಮಾತಿನಲ್ಲಿ ಗಂಡನೂ ಬಂದುಹೋದ. ಮುಂದೊಂದು ದೃಶ್ಯದಲ್ಲಿ ಅವಳು ಧೈರ್ಯ ಮಾಡಿ ಕಾಗದ ಮುಂದಿಟ್ಟಾಗ ಭಾವ “ಕಾಂಬ” ಅಂದರೆ ಸಾಕು. ಕರಾವಳಿಯ ಓದುಗರಿಗೆ ಆ ಒಂದು ಪದದಲ್ಲಿ ಎಷ್ಟು ದಿನ ತಳ್ಳಬಹುದು ಅಂತ ಚೆನ್ನಾಗಿ ಗೊತ್ತು.

ಸಂಭಾಷಣೆ ಬರೆದಾದ ಮೇಲೆ ಗಟ್ಟಿಯಾಗಿ ಓದಿ. ಯಾರು ಹೇಳಿದ್ದು ಎಂಬುದನ್ನು ಕೈಯಿಂದ ಮುಚ್ಚಿ ಓದಿದರೂ ಇದು ಭಾವ, ಇದು ಸುಮತಿ ಅಂತ ತಿಳಿಯಬೇಕು. “ಎಂದು ಗದ್ಗದಿತಳಾಗಿ ನುಡಿದಳು”, “ಎಂದು ಆಕ್ರೋಶದಿಂದ ಅಬ್ಬರಿಸಿದ” ಇವೆಲ್ಲ ಬೇಡ. “ಅಂದಳು”, “ಕೇಳಿದರು” ಸಾಕು.

ಹಂತ 8: ಮೊದಲ ಕರಡು

ಇಲ್ಲಿ ಹೇಳುವುದು ಕಡಿಮೆ. ಒಂದು ವಾರದೊಳಗೆ ಕೊನೆಯವರೆಗೆ ಬರೆದುಬಿಡಿ. ಹಿಂದೆ ತಿರುಗಿ ತಿದ್ದಬೇಡಿ. ಸರಿಯಾದ ಪದ ಸಿಗದಿದ್ದರೆ ಜಾಗ ಖಾಲಿ ಬಿಟ್ಟು ಮುಂದೆ ಹೋಗಿ. ಡೊಂಬಿವಲಿಯಿಂದ ದಿನಾ ಓಡಾಡುವವರಿಗೆ ಬರೆಯಲು ಸೀಟೇ ಸಿಗುವುದಿಲ್ಲ, ನಿಜ. ನಿಂತಲ್ಲೇ ಫೋನಿಗೆ ಬಾಯಿಮಾತಿನಲ್ಲಿ ಹೇಳಿ ರೆಕಾರ್ಡ್ ಮಾಡಿಕೊಳ್ಳುವವರಿದ್ದಾರೆ, ಅದೂ ಆಗುತ್ತದೆ. ಮನೆಗೆ ಬಂದು ಅದೇ ರಾತ್ರಿ ಕಾಗದಕ್ಕಿಳಿಸಬೇಕು.

ಹೇಳಿ ಮುಗಿಸುವುದೆಲ್ಲಿ, ತೋರಿಸುವುದೆಲ್ಲಿ ಅಂತ ಕೇಳುವವರಿಗೆ ಒಂದೇ ಸೂತ್ರ. ಪಾತ್ರಗಳ ನಡುವೆ ಏನೋ ಬದಲಾಗುವ ಕಡೆ ನಿಧಾನವಾಗಿ, ಮಾತು ಸಮೇತ ತೋರಿಸಿ. ಏನೂ ಬದಲಾಗದ ಕಡೆ “ಎರಡು ದಿನ ಹಾಗೇ ಕಳೆಯಿತು” ಎಂದು ಒಂದು ಸಾಲಿನಲ್ಲಿ ದಾಟಿ.

ಕಥೆಯ ಸಂದೇಶ ಏನು ಅಂತ ಈ ಹಂತದಲ್ಲಿ ಯೋಚಿಸಬೇಡಿ. ಅದು ಆಯ್ಕೆಯ ಒಳಗೇ ಇರುತ್ತದೆ.

ಹಂತ 9: ಕೊನೆ

ಹೊಸಬರು ಕೊನೆಗೆ ಹಿಡಿಯುವ ದಾರಿಗಳು ನಾಲ್ಕು: ಸಾವು, ಕನಸು, ಮನಪರಿವರ್ತನೆ, ಮಳೆ. ಭಾವ ಹೃದಯಾಘಾತದಿಂದ ತೀರಿಕೊಳ್ಳುತ್ತಾರೆ. ಅಥವಾ ಎಲ್ಲವೂ ಕನಸಾಗಿತ್ತು. ಅಥವಾ ಅಪ್ಪನ ಫೋಟೋ ನೋಡಿ ಭಾವನ ಕಣ್ಣು ತುಂಬಿ, ಷರತ್ತಿಲ್ಲದೆ ಸಹಿ ಹಾಕುತ್ತಾರೆ. ಇಲ್ಲವೇ ಹೊರಗೆ ಮಳೆ ಶುರುವಾಗುತ್ತದೆ, ಸುಮತಿ ಕಿಟಕಿಯಲ್ಲಿ ನಿಲ್ಲುತ್ತಾಳೆ. ನಾಲ್ಕರಲ್ಲೂ ಸುಮತಿ ಏನೂ ಆರಿಸಿಕೊಳ್ಳಲಿಲ್ಲ. ಹಂತ 2ರಲ್ಲಿ ಅಷ್ಟು ಕಷ್ಟಪಟ್ಟು ಕಟ್ಟಿದ ಗಂಟನ್ನು ಬೇರೆ ಯಾರೋ ಕತ್ತರಿಸಿದರು.

ಆರಿಸಬೇಕಾದವಳು ಸುಮತಿ. ಆಕೆ ಭಾವನ ಮಗನ ಹೆಸರು ಸೇರಿಸಲು ಒಪ್ಪುತ್ತಾಳೆ ಅಂತ ಇಟ್ಟುಕೊಳ್ಳಿ. ಭಾವ ಸಹಿ ಹಾಕಿ ಮೀಟಿಂಗಿಗೆ ಹೊರಡುತ್ತಾರೆ. ಆಗ ವಿದ್ಯಾಳ ಫೋನು ಬರುತ್ತದೆ. “ದೊಡ್ಡಪ್ಪ ಸಹಿ ಹಾಕಿದ್ರಾ ಅಮ್ಮಾ?” “ಹಾಕಿದರು” ಅನ್ನುತ್ತಾಳೆ ಸುಮತಿ. “ಮತ್ತೇನೂ ಹೇಳಿಲ್ಲ ತಾನೇ?” “ಇಲ್ಲ.” ಕಥೆ ಅಲ್ಲಿಗೆ ನಿಂತರೂ ಆಗುತ್ತದೆ. ಬೇಕಾದ ವಸ್ತು ಸಿಕ್ಕಿದೆ, ಬೆಲೆ ತೆತ್ತಾಗಿದೆ, ಒಂದು ಸುಳ್ಳು ಹುಟ್ಟಿಕೊಂಡಿದೆ.

ಒಪ್ಪದೆ ಕಾಗದವನ್ನು ಮಡಚಿ ಒಳಗಿಟ್ಟಳು ಅಂತಲೂ ಮಾಡಬಹುದು. ಯಾವುದು ಸರಿ ಅಂತ ನಾನು ಹೇಳಲಾರೆ, ಸುಮತಿ ನಿಮ್ಮ ಕೈಯಲ್ಲಿ ಎಂಥವಳಾಗಿ ಬೆಳೆದಳೋ ಅದರ ಮೇಲಿದೆ. ಆದರೆ ಆಯ್ಕೆಯ ನಂತರ ಒಂದು ಪ್ಯಾರಾ ವಿವರಣೆ ಬರೆಯಬೇಕು ಅನ್ನಿಸುತ್ತದಲ್ಲ, ಬದುಕು ಹೀಗೆ, ಸಂಬಂಧಗಳು ಹಾಗೆ ಅಂತ? ಅದನ್ನು ಬರೆಯಬೇಡಿ. ಬರೆದಿದ್ದರೆ ಹೊಡೆದುಹಾಕಿ, ಅದರ ಹಿಂದಿನ ವಾಕ್ಯದಲ್ಲಿ ಕಥೆ ನಿಲ್ಲಲಿ.

ಹಂತ 10: ತಿದ್ದುವುದು

ಕರಡನ್ನು ಹದಿನೈದು ದಿನ ಮುಟ್ಟಬೇಡಿ. ಆಮೇಲೆ ಮೂರು ಸುತ್ತು, ಸುತ್ತಿಗೊಂದು ಕೆಲಸ ಮಾತ್ರ.

ಮೊದಲ ಸುತ್ತಿನಲ್ಲಿ ಕಥೆ ನಿಜವಾಗಿ ಶುರುವಾಗುವುದು ಎಲ್ಲಿ ಅಂತ ಹುಡುಕಿ. ಹೆಚ್ಚಿನ ಕರಡುಗಳಲ್ಲಿ ಅದು ಎರಡನೇ ಪುಟದ ನಡುವೆ ಇರುತ್ತದೆ. ಅದಕ್ಕಿಂತ ಮೊದಲಿನದನ್ನು ಕತ್ತರಿಸಿ. ಕೈ ಬರುವುದಿಲ್ಲ, ನನಗೆ ಗೊತ್ತು. ಬೇರೆ ಹಾಳೆಯಲ್ಲಿ ತೆಗೆದಿಡಿ, ಇನ್ನೊಂದು ಕಥೆಗೆ ಆದೀತು.

ಎರಡನೇ ಸುತ್ತು ಕಣ್ಣು ಮತ್ತು ಕಾಲಕ್ಕೆ. ಸುಮತಿಗೆ ಗೊತ್ತಿಲ್ಲದ್ದು ಎಲ್ಲಾದರೂ ನುಸುಳಿದೆಯೇ? “ಹೋದಳು” ಎಂದು ನಡೆಯುತ್ತಿದ್ದ ಕಥೆ ನಡುವೆ “ಹೋಗುತ್ತಾಳೆ” ಆಗಿದೆಯೇ? ಏಕವಚನ ಬಹುವಚನ ಕದಲಿದೆಯೇ?

ಮೂರನೆಯದು ಪದಗಳಿಗೆ. ಒಂದು ವಾಕ್ಯದಲ್ಲಿ ಎರಡು ವಿಶೇಷಣ ಇದ್ದರೆ ಒಂದನ್ನು ತೆಗೆಯಿರಿ. “ಇದ್ದಕ್ಕಿದ್ದಂತೆ”, “ಅರಿವಿಲ್ಲದೆಯೇ”, “ಏನೋ ಒಂದು ಬಗೆಯ” ಎಂಬ ಪದಗಳಿಗೆ ಗೆರೆ ಹಾಕುತ್ತಾ ಹೋಗಿ, ಅವಿಲ್ಲದೆ ವಾಕ್ಯ ಓದಿ ನೋಡಿ. ಸುಮ್ನೆ ಕೂತಿರುವ ಪದಗಳೇ ಜಾಸ್ತಿ.

ಬಳಿಕ ಆ ಮುಖಕ್ಕೆ ಹೇಳುವ ಮನುಷ್ಯನಿಗೆ ಕೊಡಿ. ಹೇಗಿದೆ ಅಂತ ಕೇಳಬೇಡಿ. ಚೆನ್ನಾಗಿದೆ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. “ಎಲ್ಲಿ ನಿಲ್ಲಿಸಿ ಫೋನ್ ನೋಡಿದಿರಿ?” ಅಂತ ಕೇಳಿ. “ಸುಮತಿಗೆ ಏನು ಬೇಕಿತ್ತು?” ಅಂತ ಕೇಳಿ. ಎರಡನೆಯದಕ್ಕೆ ಅವರು ತಡವರಿಸಿದರೆ ಹಂತ 1ಕ್ಕೆ ಮರಳಿ.

ಕಳಿಸುವ ಮುನ್ನ

ಪದಮಿತಿ ನೋಡಿ. ಎರಡು ಸಾವಿರ ಪದ ಅಂತ ಕೇಳಿದ್ದರೆ ಮೂರು ಸಾವಿರ ಕಳಿಸಬೇಡಿ. ಅವರು ಕತ್ತರಿಸುವುದು ಹೆಚ್ಚಾಗಿ ಕೊನೆಯನ್ನೇ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಅವರಿಗೆ ನುಡಿ ಬೇಕೋ ಯುನಿಕೋಡ್ ಬೇಕೋ ಅಂತ ಮೊದಲು ಕೇಳಿ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡಬಹುದು. ಬದಲಿಸಿದ ಮೇಲೆ ಪೂರ್ತಿ ಒಮ್ಮೆ ಓದಿ. ಮೇಲ್‌ನಲ್ಲಿ ಪಿಡಿಎಫ್ ಜೊತೆ ವರ್ಡ್ ಫೈಲನ್ನೂ ಇಡಿ. ನಿಮ್ಮ ಹೆಸರು, ಫೋನ್ ನಂಬರ್ ಕಥೆಯ ಹಾಳೆಯಲ್ಲಿ ಇರಬಾರದು ಎಂಬ ನಿಯಮ ಕೆಲವು ಸ್ಪರ್ಧೆಗಳಲ್ಲಿರುತ್ತದೆ. ಹಾಗಿದ್ದರೆ ಅವನ್ನು ಬೇರೆ ಪುಟದಲ್ಲಿ ಬರೆದು ಲಗತ್ತಿಸಿ. ಒಂದೇ ಕಥೆಯನ್ನು ಒಂದೇ ಸಮಯಕ್ಕೆ ಎರಡು ಕಡೆ ಕಳಿಸಬೇಡಿ. ಉತ್ತರ ಬರುವವರೆಗೆ ಮುಂದಿನ ಕಥೆಯ ಹಂತ 1 ಬರೆಯಿರಿ.